ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಿದ ಮೇಲೆ ಐಡಲಿಂಗ್ ಸರಿಯಾಗಿ ನಿಲ್ಲುತ್ತಿಲ್ಲ, ಏನು ಮಾಡಲಿ?

ನಿಮ್ಮ ಕಥೆ ಓದಿದರೆ ನನ್ನದೇ ಹಳೇ ಗಾಡಿ ನೆನಪಾಗುತ್ತದೆ. ನಿಮ್ಮದು ನಾಲ್ಕು ಸಿಲಿಂಡರಿನ ಟ್ವಿನ್ ಕ್ಯಾಮ್ ಪೆಟ್ರೋಲ್ ಎಂಜಿನ್, ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ 272 ಡಿಗ್ರಿ ಕ್ಯಾಮ್. ಈಗ ನಿಂತಲ್ಲಿ ಆರ್‌ಪಿಎಂ 600ರಿಂದ 1100ರವರೆಗೆ ಉಯ್ಯಾಲೆ ಆಡುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ. ಆಕ್ಸಿಜನ್ ಸೆನ್ಸರ್ ಬದಲಿಸಿದ್ದೀರಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ದೀರಿ, ಏನೂ ಪ್ರಯೋಜನ ಆಗಿಲ್ಲ.

ಇಲ್ಲಿ ಎರಡು ಬೇರೆ ವಿಷಯ ಕಲಸಿಹೋಗಿವೆ. ನಿಂತಾಗ ಎಂಜಿನ್ ಗುಡುಗುಡು ಅಂತ ಅಲುಗಾಡುವುದು ಕ್ಯಾಮ್‌ನ ಸ್ವಭಾವ. ಅದನ್ನು ಪೂರ್ತಿ ಕಳೆಯುತ್ತೇನೆ ಎಂದು ಹೊರಟರೆ ಹಳೇ ಕ್ಯಾಮ್ ವಾಪಸ್ ಹಾಕುವುದೊಂದೇ ದಾರಿ. ಆದರೆ ಆರ್‌ಪಿಎಂ ಏರಿಳಿಯುವುದು, ಆಫ್ ಆಗುವುದು ಸ್ವಭಾವ ಅಲ್ಲ. ಅದು ರಿಪೇರಿ ಆಗುವಂಥದ್ದು, ಆಗಲೇಬೇಕು.

ಈ ಕ್ಯಾಮ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಈ ಹೊತ್ತಿಗೆ ಓವರ್‌ಲ್ಯಾಪ್ ಎನ್ನುತ್ತಾರೆ. ಸ್ಟಾಕ್ ಕ್ಯಾಮ್‌ನಲ್ಲೂ ಇರುತ್ತದೆ, ಇದರಲ್ಲಿ ಜಾಸ್ತಿ. ಆರ್‌ಪಿಎಂ ಮೇಲಿದ್ದಾಗ ಅದರಿಂದ ಲಾಭ. ನಿಧಾನವಾಗಿ ತಿರುಗುವಾಗ ಮಾತ್ರ ಸುಟ್ಟ ಗ್ಯಾಸ್ ಹಿಂದಕ್ಕೆ ನುಗ್ಗಿ ಹೊಸ ಗಾಳಿಯ ಜೊತೆ ಬೆರೆಯುತ್ತದೆ. ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ) ವ್ಯಾಕ್ಯೂಮ್, ಅಂದರೆ ಗಾಳಿ ಎಳೆಯುವ ಶಕ್ತಿ, ಕುಸಿಯುತ್ತದೆ. ಆರೋಗ್ಯವಾಗಿರುವ ಸ್ಟಾಕ್ ಎಂಜಿನ್ ಐಡಲಿಂಗ್‌ನಲ್ಲಿ 18ರಿಂದ 20 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಿದರೆ, ಇಂಥ ಕ್ಯಾಮ್‌ನಲ್ಲಿ 12-14 ಬಂದರೆ ಆಶ್ಚರ್ಯವಿಲ್ಲ.

ಹಾಗಾಗಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ವ್ಯಾಕ್ಯೂಮ್ ಗೇಜ್, ಲ್ಯಾಪ್‌ಟಾಪ್ ಅಲ್ಲ. ನಾನು ಉಲ್ಟಾ ಮಾಡಿದೆ. ಎರಡು ತಿಂಗಳು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಟೇಬಲ್‌ಗಳನ್ನು ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಗೇಜ್ ಹಾಕಿದರೆ ಮುಳ್ಳು 8 ಇಂಚಿನಲ್ಲಿ ಕೂತಿತ್ತು. ಕವರ್ ಬಿಚ್ಚಿ ನೋಡಿದಾಗ ಇನ್‌ಟೇಕ್ ಪುಲ್ಲಿ ಒಂದು ಹಲ್ಲು ತಪ್ಪಿ ಕೂತಿರುವುದು ಗೊತ್ತಾಯಿತು. ಬೆಲ್ಟ್ ಹಾಕಿದ್ದು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ. ಒಂದು ಹಲ್ಲು ತಾನೇ ಎನ್ನಬೇಡಿ. ಪುಲ್ಲಿಗೆ 48 ಹಲ್ಲಿದ್ದರೆ ಒಂದು ಹಲ್ಲು ಎಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ!

ಬೆಲ್ಟ್ ಗುರುತು ಸರಿಯಿದ್ದರೂ ಸಾಲದು. ಹೆಡ್ ಅಥವಾ ಬ್ಲಾಕ್ ಅನ್ನು ಉಜ್ಜಿಸಿ ತೆಳುವಾಗಿಸಿದ್ದರೆ ಟೈಮಿಂಗ್ ತುಸು ಜರುಗುತ್ತದೆ. ಡಿಗ್ರಿ ಡಿಸ್ಕ್, ಡಯಲ್ ಗೇಜ್ ಇಟ್ಟು ಅಳೆದು, ಕ್ಯಾಮ್ ಜೊತೆ ಬಂದ ಕಾರ್ಡ್‌ಗೆ ಹೋಲಿಸಿ. ವಾಲ್ವ್ ಕ್ಲಿಯರೆನ್ಸ್ ಕೂಡ ಆ ಕಾರ್ಡ್ ಪ್ರಕಾರವೇ ಇರಬೇಕು, ಗಾಡಿಯ ಮ್ಯಾನ್ಯುಯಲ್ ಪ್ರಕಾರ ಅಲ್ಲ. ತೀರಾ ಬಿಗಿಯಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಕೊನೆಗೆ ಸುಟ್ಟೇ ಹೋಗುತ್ತದೆ. ಗಾಳಿ ಲೀಕ್ ನೋಡಲು ಸ್ಮೋಕ್ ಟೆಸ್ಟ್ ಮಾಡಿಸಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಕಾರ್ಬ್ ಕ್ಲೀನರ್ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಬೇಡ.

ಇಷ್ಟೆಲ್ಲ ಸರಿಯಿದೆ ಎಂದಾದ ಮೇಲೆ ಟ್ಯೂನಿಂಗ್. ನಿಮ್ಮ ಪೆಟ್ರೋಲ್ ವಾಸನೆಯ ಗುಟ್ಟು ಬಹುಶಃ ಇಲ್ಲೇ ಇದೆ. ಓವರ್‌ಲ್ಯಾಪ್‌ನಿಂದಾಗಿ ಸುಟ್ಟ ಗ್ಯಾಸ್ ಬೆರೆತ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದೆ ಒಂದಿಷ್ಟು ಆಕ್ಸಿಜನ್ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಯಿತು ಎಂದುಕೊಳ್ಳುತ್ತದೆ. ಇಸಿಯು ಇನ್ನಷ್ಟು ಸುರಿಯುತ್ತದೆ. ಇನ್ನಷ್ಟು ಮಿಸ್‌ಫೈರ್, ಇನ್ನಷ್ಟು ಆಕ್ಸಿಜನ್, ಮತ್ತೆ ಪೆಟ್ರೋಲ್. ಪಾಪ, ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕಾಣುವುದೇ ಅಷ್ಟು. ಹೊಸದು ಹಾಕಿದರೂ ಅದನ್ನೇ ಹೇಳುತ್ತದೆ. ಹಾಗಾಗಿ ಐಡಲಿಂಗ್‌ನಲ್ಲಿ ಮಾತ್ರ ಕ್ಲೋಸ್ಡ್ ಲೂಪ್ (ಸೆನ್ಸರ್ ಮಾತು ಕೇಳಿ ಪೆಟ್ರೋಲ್ ತಿದ್ದುವುದು) ಆಫ್ ಮಾಡಿಸಿ. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟುಕೊಂಡು 13.2ರಿಂದ 13.8ರ ನಡುವೆ ಎಲ್ಲಿ ಎಂಜಿನ್ ಖುಷಿಯಾಗಿರುತ್ತದೋ ಅಲ್ಲಿ ನಿಲ್ಲಿಸಿ. ಪುಸ್ತಕದ ಲೆಕ್ಕದ ಅನುಪಾತ 14.7 ಎಂದು ಹಟ ಹಿಡಿಯಬೇಡಿ.

ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಾದರೆ ಇನ್ನೊಂದು ತೊಂದರೆ. ವ್ಯಾಕ್ಯೂಮ್ ಕಡಿಮೆ ಇರುವುದನ್ನು ಕಂಡು ಇಸಿಯು ಲೋಡ್ ಬಂತು ಎಂದು ತಿಳಿಯುತ್ತದೆ. ಆ ಭಾಗದ ಟೇಬಲ್ ಹೊಸದಾಗಿ ಬರೆಯಬೇಕು. ಗಾಳಿ ಅಳೆಯುವ ಮಾಫ್ ಸೆನ್ಸರ್ ಇದ್ದರೆ ಹಿಂದಕ್ಕೆ ಬಂದ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಉಯ್ಯಾಲೆ ನಿಲ್ಲಿಸಿದ್ದು ನನ್ನ ಗಾಡಿಯಲ್ಲಿ ಇಗ್ನಿಷನ್ ಟೈಮಿಂಗ್. ಸುಟ್ಟ ಗ್ಯಾಸ್ ಬೆರೆತ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಸ್ಪಾರ್ಕ್ ಸ್ವಲ್ಪ ಬೇಗ ಬೇಕು. ಅದಕ್ಕಿಂತ ಮುಖ್ಯ ಟೇಬಲ್‌ನ ಇಳಿಜಾರು. ಆರ್‌ಪಿಎಂ ಬಿದ್ದಾಗ ಅಡ್ವಾನ್ಸ್ (ಸ್ಪಾರ್ಕ್ ಎಷ್ಟು ಡಿಗ್ರಿ ಮುಂಚೆ ಬರುತ್ತದೆ ಎನ್ನುವುದು) ಕೂಡ ಇಳಿದರೆ ಎಂಜಿನ್ ಇನ್ನೂ ಸೊರಗುತ್ತದೆ. ಅದನ್ನು ತಿರುಗಿಸಿ ಇಡಿ. ನಾನು 1000ದಲ್ಲಿ 18 ಡಿಗ್ರಿ, 850ರಲ್ಲಿ 22, 1150ರಲ್ಲಿ 14 ಇಟ್ಟೆ. ಆರ್‌ಪಿಎಂ ಬಿದ್ದರೆ ಸ್ಪಾರ್ಕ್ ಎತ್ತುತ್ತದೆ, ಏರಿದರೆ ಹಿಡಿದು ಇಳಿಸುತ್ತದೆ. ಇದೇ ಅಂಕಿ ನಿಮಗೂ ಸರಿಹೋಗಬೇಕು ಎಂದೇನಿಲ್ಲ, ಇಳಿಜಾರಿನ ದಿಕ್ಕು ನೋಡಿಕೊಳ್ಳಿ. ಐಡಲಿಂಗ್ ಗುರಿಯನ್ನೂ 950-1050ಕ್ಕೆ ಏರಿಸಿ. 800ರಲ್ಲಿ ಈ ಕ್ಯಾಮ್ ಮೆತ್ತಗೆ ನಿಲ್ಲಲಿ ಎನ್ನುವುದು ದುರಾಸೆ. ಕೇಬಲ್ ಥ್ರಾಟಲ್ ಆದರೆ ಐಡಲ್ ವಾಲ್ವ್ ಪೂರ್ತಿ ತೆರೆದು ಸುಸ್ತಾಗಿದೆಯಾ ನೋಡಿ. ಹಾಗಿದ್ದರೆ ಸ್ಟಾಪ್ ಸ್ಕ್ರೂ ತುಸು ತಿರುಗಿಸಿ ಗಾಳಿ ಕೊಟ್ಟು, ಆಮೇಲೆ ಥ್ರಾಟಲ್ ಸೆನ್ಸರಿನ ಸೊನ್ನೆ ಮತ್ತೆ ಹೊಂದಿಸಿ.

ಇಸಿಯು ಮುಟ್ಟಲು ಸಾಧ್ಯವೇ ಇಲ್ಲ, ಆದರೆ ಅಡ್ಜಸ್ಟ್ ಆಗುವ ಪುಲ್ಲಿ ಇದೆ ಎಂದಾದರೆ ಇನ್‌ಟೇಕ್ ಕ್ಯಾಮ್ ಒಂದೆರಡು ಡಿಗ್ರಿ ತಡ ಮಾಡಿ, ಎಕ್ಸಾಸ್ಟ್ ಅಷ್ಟೇ ಮುಂಚೆ ಮಾಡಿ. ಓವರ್‌ಲ್ಯಾಪ್ ಕಡಿಮೆಯಾಗಿ ಐಡಲಿಂಗ್ ಮೆತ್ತಗಾಗುತ್ತದೆ, ಮೇಲಿನ ಪವರ್ ಸ್ವಲ್ಪ ಹೋಗಬಹುದು. ಇದರ ಉಲ್ಟಾ ದಿಕ್ಕಿಗೆ ಸುಮ್ನೆ ತಿರುಗಿಸಬೇಡಿ. ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತದೆ, ಅಳೆಯದೆ ಹೋದರೆ ಎಂಜಿನ್ನೇ ಹೋಗುತ್ತದೆ.

ಬ್ರೇಕ್ ಬೂಸ್ಟರ್ ಕೂಡ ಇದೇ ವ್ಯಾಕ್ಯೂಮ್ ನಂಬಿಕೊಂಡಿರುತ್ತದೆ. ಸಿಗ್ನಲ್‌ಗಳಲ್ಲಿ ಮೇಲಿಂದ ಮೇಲೆ ಒತ್ತಿದಾಗ ಪೆಡಲ್ ಗಟ್ಟಿಯಾಗುತ್ತಿದ್ದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ನೋಡಿ. ಗೇಜ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಷ್ಟು ತೋರಿಸುತ್ತದೆ, ಮುಳ್ಳು ನಡುಗುತ್ತದೆಯಾ, ಸುಮ್ನೆ ಕೆಳಗೆ ಕೂತಿರುತ್ತದೆಯಾ ಎಂದು ಬರೆಯಿರಿ. ಕೆಳಗೆ ಕೂತಿದ್ದರೆ ಟ್ಯೂನರ್ ಹತ್ತಿರ ಹೋಗುವ ಮೊದಲು ಟೈಮಿಂಗ್ ಕವರ್ ಬಿಚ್ಚಿ.