ಹಳೇ ಡಟ್ಸನ್ 240ಝಡ್ ಕಾರಿನ ಎಂಜಿನ್ ಸಿಸಿ ಹೆಚ್ಚಿಸೋದು ಹೇಗೆ? ಆಗುಂಬೆ ಘಾಟಿಗೆ ಅದರಿಂದ ಉಪಯೋಗ ಇದೆಯಾ?

ದಾರಿ ಎರಡೇ: ಬೋರ್ (ಸಿಲಿಂಡರ್ ಒಳಗಿನ ವ್ಯಾಸ) ಅಗಲ ಮಾಡೋದು, ಇಲ್ಲ ಕ್ರ್ಯಾಂಕ್ (ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ದಂಡ) ಬದಲಿಸಿ ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡಾಡುವ ದೂರ) ಉದ್ದ ಮಾಡೋದು. ನಿಮ್ಮದು 83 ಮಿ.ಮೀ. ಬೋರ್, 73.7 ಮಿ.ಮೀ. ಸ್ಟ್ರೋಕ್, ಆರು ಸಿಲಿಂಡರ್. ಒಟ್ಟು 2393 ಸಿಸಿ. ಇದರ ಅಣ್ಣನಂತಿರುವ ಎಲ್28 ಎಂಜಿನ್ನಿನ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಭಾಗ) ತಂದು, ಡಟ್ಸನ್ ತಯಾರಿಸಿದ ನಿಸಾನ್‌ನದೇ ಎಲ್‌ಡಿ28 ಡೀಸೆಲ್ ಎಂಜಿನ್ನಿನ 83 ಮಿ.ಮೀ. ಸ್ಟ್ರೋಕ್ ಕ್ರ್ಯಾಂಕ್ ಕೂರಿಸಿ, ಬೋರನ್ನು 89ಕ್ಕೆ ಏರಿಸಿದರೆ ಸುಮಾರು 3098 ಸಿಸಿ ಸಿಗುತ್ತೆ.

ಬೋರಿಂಗ್ ಕೆಲಸ ಶಿವಮೊಗ್ಗದಲ್ಲೇ ಮಾಡಿಸಬಹುದು. ಆದರೆ ಮೊದಲು ಸಿಲಿಂಡರ್ ಗೋಡೆಯ ದಪ್ಪ ಅಳೆಸಿ; ತೆಳುವಾದರೆ ಬಿಸಿಗೆ ಬಿರುಕು ಬಿಟ್ಟು ಬ್ಲಾಕೇ ಹೋಗುತ್ತೆ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬೇಕಾಗೋದು ಕಡಿಮೆ ಆರ್‌ಪಿಎಂನ ಟಾರ್ಕ್ (ಎಂಜಿನ್ ನಿಧಾನವಾಗಿ ತಿರುಗುವಾಗಲೂ ಸಿಗುವ ತಿರುಗಿಸುವ ಬಲ), ಅದು ಖಂಡಿತ ಹೆಚ್ಚುತ್ತೆ. ನನ್ನ ಕೇಳಿದರೆ, ನಮ್ಮ ಮಳೆಗೆ ಮೊದಲು ಬ್ರೇಕ್ ಸರಿಮಾಡಿಸಿ. ಎಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿಯೂ ಬೇಕು.