ಗುಡ್ಡದಾಚೆಗೆ ಮಾತು ಮುಟ್ಟಿಸುವ ಪಾಠ

ಪ್ರಶ್ನೆ: ನಾನು ವಿರಾಜಪೇಟೆ ಸಮೀಪದ ಪ್ರೌಢಶಾಲೆಯೊಂದರ ಶಿಕ್ಷಕಿ, ಎನ್‌ಸಿಸಿ ಘಟಕದ ಹೊಣೆಯೂ ನನ್ನದೇ. ಜಿಲ್ಲೆಯ ಕೆಲವು ಹ್ಯಾಮ್ ರೇಡಿಯೊ ಹವ್ಯಾಸಿಗಳ (ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತನಾಡುವವರು) ಜೊತೆ ನಮ್ಮ ಕೆಡೆಟ್‌ಗಳಿಗೆ ಒಂದು ದಿನದ ಸಂಪರ್ಕ ಅಭ್ಯಾಸ ಏರ್ಪಡಿಸಬೇಕೆಂದಿದ್ದೇನೆ. ಕಳೆದ ವರ್ಷ ಅವರು ಕೈಯಲ್ಲಿ ಹಿಡಿಯುವ ಸೆಟ್ ತಂದು ತೋರಿಸಿದಾಗ, ಶಾಲೆಯ ಹಿಂದಿನ ಗುಡ್ಡ ದಾಟಿ ಒಂದು ಮಾತೂ ಹೋಗಲಿಲ್ಲ, ಮಕ್ಕಳಿಗೆ ನಿರಾಶೆಯಾಯಿತು. ಕೊಡಗಿನಂಥ ಜಾಗದಲ್ಲಿ ಇದು ಸಾಧ್ಯವೇ? ಮಕ್ಕಳೇ ಮೈಕ್ ಹಿಡಿಯಬಹುದೇ? ಯಾವುದನ್ನು ಕಲಿಸಿದರೆ ಉಪಯೋಗವಾದೀತು?

ಉತ್ತರ: ಸಾಧ್ಯವಿದೆ. ಕಳೆದ ವರ್ಷ ಸೋತದ್ದು ಸೆಟ್ಟಿನ ದೋಷದಿಂದಲ್ಲ, ಆರಿಸಿಕೊಂಡ ತರಂಗದಿಂದ. ಹ್ಯಾಮ್‌ಗಳ ಕೈಸೆಟ್ ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ನಡುವೆ, ಅಂದರೆ ತರಂಗದ ಉದ್ದ ಸುಮಾರು ಎರಡು ಮೀಟರ್ ಇರುವ ‘ಎರಡು ಮೀಟರ್ ಬ್ಯಾಂಡ್’ನಲ್ಲಿ ಕೆಲಸ ಮಾಡುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಆದ್ದರಿಂದ ಒಂದು ಬೆಟ್ಟದ ನೆತ್ತಿಯಿಂದ ಕಣ್ಣಿಗೆ ಕಾಣುವ ಇನ್ನೊಂದು ನೆತ್ತಿಗೆ 5 ವಾಟ್ ಶಕ್ತಿಯ ಸೆಟ್ ಕೂಡ ಸಲೀಸಾಗಿ ಮುಟ್ಟಿಸುತ್ತದೆ. ಆದರೆ ನೆತ್ತಿಯಿಂದ ಇಳಿದು ಕಾಫಿ ತೋಟದ ಮರಗಳ ನಡುವೆ ನಿಂತರೆ, ಅರ್ಧ ಮೈಲಿ ದೂರದಲ್ಲಿರುವವರಿಗೂ ಕೇಳದೆ ಹೋಗಬಹುದು.

ಕಣಿವೆಯಿಂದ ಕಣಿವೆಗೆ ಮಾತು ಹೋಗಬೇಕಾದರೆ ಆಕಾಶದ ದಾರಿ ಹಿಡಿಯಬೇಕು. ನಲವತ್ತು ಮೀಟರ್ ಬ್ಯಾಂಡ್‌ನ, ಅಂದರೆ 7.1 ಮೆಗಾಹರ್ಟ್ಸ್ ಆಸುಪಾಸಿನ ತರಂಗವನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಿದ ತಂತಿಯಿಂದ ಕಳಿಸಿದರೆ ಅದು ಬಹುಮಟ್ಟಿಗೆ ನೆಟ್ಟಗೆ ಮೇಲೇರಿ, ನೂರಾರು ಕಿಲೋಮೀಟರ್ ಎತ್ತರದಲ್ಲಿ ರೇಡಿಯೊ ತರಂಗವನ್ನು ಹಿಂದಿರುಗಿಸುವ ವಾಯುಪದರವಾದ ಅಯಾನುಗೋಳಕ್ಕೆ ತಾಗಿ, ಮಳೆ ಸುರಿದಂತೆ ಸುತ್ತಲಿನ ಎಲ್ಲ ಕಣಿವೆಗಳ ಮೇಲೂ ಇಳಿಯುತ್ತದೆ. ನಡುವೆ ಎಷ್ಟು ಗುಡ್ಡಗಳಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಇದಕ್ಕೆ ಬೇಕಾದ ಡೈಪೋಲ್, ಅಂದರೆ ಎರಡು ಸಮ ತೋಳುಗಳ ತಂತಿಯ ಆಂಟೆನಾವನ್ನು ಮಕ್ಕಳೇ ಅಳೆದು ಕತ್ತರಿಸಬಹುದು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ: 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ತೋಳು 10 ಮೀಟರ್. ಎರಡು ಸಿಲ್ವರ್ ಓಕ್ ಮರಗಳ ನಡುವೆ ಹತ್ತು ಹದಿನೈದು ಅಡಿ ಎತ್ತರದಲ್ಲಿ ಕಟ್ಟಿದರೆ ಸಾಕು. ಹತ್ತಿರದ ಸಂಪರ್ಕಕ್ಕೆ ಅದಕ್ಕಿಂತ ಎತ್ತರ ಬೇಕಾಗಿಯೇ ಇಲ್ಲ. ಕತ್ತಲಾದ ಮೇಲೆ ಈ ಬ್ಯಾಂಡ್ ಹತ್ತಿರದ ಊರುಗಳನ್ನು ಬಿಟ್ಟು ದೂರದವರಿಗೆ ಮಾತ್ರ ಕೇಳಿಸತೊಡಗುವುದುಂಟು. ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು, ತಂತಿಯ ಉದ್ದವೂ ಇಮ್ಮಡಿಯಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ತೋಟಗಳಲ್ಲಿ ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಜೀವ ಕಳೆದುಕೊಂಡ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಆಂಟೆನಾ ತಂತಿಯೂ ಅಷ್ಟೇ ಅಪಾಯಕಾರಿ. ವಿದ್ಯುತ್ ಲೈನ್ ಕಣ್ಣಿಗೆ ಬೀಳುವ ಜಾಗದಲ್ಲಿ ತಂತಿ ಎಸೆಯುವ ಯೋಚನೆಯನ್ನೇ ಮಾಡಬೇಡಿ.

ಮೈಕ್‌ನ ವಿಚಾರ. ಹವ್ಯಾಸಿ ಬ್ಯಾಂಡ್‌ಗಳಲ್ಲಿ ಪರವಾನಗಿ ಇದ್ದವರು ಮಾತ್ರ ಪ್ರಸಾರ ಮಾಡಬೇಕು. ಆದ್ದರಿಂದ ದೂರದ ಸಂಪರ್ಕದ ಹೊತ್ತಿನಲ್ಲಿ ಮಾತು ಹ್ಯಾಮ್‌ನದಾಗಿರಲಿ. ಪಕ್ಕದಲ್ಲಿ ಕುಳಿತು ಕೇಳುವುದು, ಸಂದೇಶ ಬರೆದುಕೊಳ್ಳುವುದು, ಲಾಗ್ ಪುಸ್ತಕ ತುಂಬುವುದು ಕೆಡೆಟ್‌ಗಳ ಕೆಲಸವಾಗಲಿ. ಮಕ್ಕಳು ತಾವೇ ಮಾತನಾಡಿ ಕಲಿಯಲು 446 ಮೆಗಾಹರ್ಟ್ಸ್‌ನ, ಪರವಾನಗಿಯಿಂದ ವಿನಾಯಿತಿ ಪಡೆದ ಕಡಿಮೆ ಶಕ್ತಿಯ ವಾಕಿಟಾಕಿಗಳಿವೆ. ಶಾಲೆಯ ಮೈದಾನಕ್ಕೆ ಅಷ್ಟು ಸಾಕು. ಹ್ಯಾಮ್ ಸಂಪರ್ಕದಲ್ಲಿ ಗುಪ್ತ ಸಂಕೇತ ಬಳಸುವಂತಿಲ್ಲವೆಂಬುದನ್ನೂ ಮೊದಲೇ ತಿಳಿಸಿರಿ. ಸೈನ್ಯದ ಕಲ್ಪನೆಯಲ್ಲಿ ಬರುವ ಮಕ್ಕಳಿಗೆ ಅದು ಸ್ವಲ್ಪ ಬೇಸರವನ್ನೇ ತರುತ್ತದೆ.

ಇನ್ನು ಕಲಿಸಬೇಕಾದದ್ದು. ನನ್ನ ಅನುಭವದಲ್ಲಿ ಯಂತ್ರ ಕಲಿಯಲು ಮಕ್ಕಳಿಗೆ ಒಂದು ಗಂಟೆ ಸಾಕು. ಇನ್ನೊಬ್ಬರ ಮಾತನ್ನು ಒಂದಕ್ಷರವೂ ಕೆಡದಂತೆ ಮುಟ್ಟಿಸುವುದನ್ನು ಕಲಿಯಲು ಇಡೀ ದಿನವೂ ಸಾಲದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು, ಮಡಿಕೇರಿ–ಸಂಪಾಜೆ ರಸ್ತೆ ಕಡಿದು, ಮೊಬೈಲ್‌ಗಳು ಸತ್ತ ದಿನಗಳನ್ನು ಕಂಡವರಿಗೆ, ಒಂದು ಊರಿನ ಹೆಸರು ಅಥವಾ ಒಂದು ಸಂಖ್ಯೆ ತಪ್ಪಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಕಗ್ಗೋಡ್ಲು, ಮುಕ್ಕೋಡ್ಲು ಎರಡೂ ಮಡಿಕೇರಿ ತಾಲೂಕಿನವೇ. ಗರಗರ ಸದ್ದಿನ ನಡುವೆ ಕೊನೆಯ ಭಾಗ ಮಾತ್ರ ಕೇಳಿಸಿದರೆ ನೆರವಿನ ಜೀಪು ಯಾವ ದಾರಿ ಹಿಡಿಯಬೇಕು?

ಒಮ್ಮೆ ಅಭ್ಯಾಸದಲ್ಲಿ ಒಬ್ಬ ಕೆಡೆಟ್ ‘ಇಪ್ಪತ್ತು ಕಂಬಳಿ ಬೇಕು’ ಎಂದು ಹೇಳಿದ್ದನ್ನು ಆಚೆಯ ಹುಡುಗಿ ‘ಎಪ್ಪತ್ತು’ ಎಂದು ಬಹಳ ಅಂದವಾದ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ತಪ್ಪು ಅವಳದಲ್ಲ. ಕನ್ನಡದ ಹತ್ತುಗಳೆಲ್ಲ ‘ತ್ತು’ ಎಂದೇ ಮುಗಿಯುತ್ತವೆ. ಆರು, ಮೂರು, ನೂರು ಕೂಡ ಸದ್ದಿನಲ್ಲಿ ಒಂದೇ ಆಗಿಬಿಡುತ್ತವೆ. ಹಾಗಾಗಿ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ‘ಎರಡು, ಸೊನ್ನೆ’ ಎಂದು ಹೇಳಿಸಿ. ಊರಿನ ಹೆಸರನ್ನು, ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದು ಪದವಿರುವ ಅಂತರರಾಷ್ಟ್ರೀಯ ಅಕ್ಷರಸಂಕೇತದಲ್ಲಿ ಬಿಡಿಸಿ ಹೇಳಿಸಿ: ‘ಕಿಲೊ, ಆಲ್ಫಾ, ಗಾಲ್ಫ್’ ಎಂದು ಶುರುವಾದರೆ ಕಗ್ಗೋಡ್ಲು, ‘ಮೈಕ್, ಯೂನಿಫಾರ್ಮ್, ಕಿಲೊ’ ಎಂದಾದರೆ ಮುಕ್ಕೋಡ್ಲು. ಬರೆದುಕೊಂಡವರು ಪೂರ್ತಿ ಸಂದೇಶವನ್ನು ತಿರುಗಿ ಓದಿ ಹೇಳುವವರೆಗೆ ಅದು ಮುಟ್ಟಿತೆಂದು ಲೆಕ್ಕ ಹಿಡಿಯಬೇಡಿ.

ಹ್ಯಾಮ್‌ಗಳ ಮತ್ತು ಕೆಡೆಟ್‌ಗಳ ರೂಢಿಗಳಲ್ಲಿ ಎರಡು ವ್ಯತ್ಯಾಸಗಳಿವೆ. ಕೇಳಿಸದಿದ್ದಾಗ ಹ್ಯಾಮ್‌ಗಳು ‘ರಿಪೀಟ್’ ಎಂದುಬಿಡುವುದುಂಟು. ಸೈನ್ಯದಲ್ಲಿ ಆ ಪದ ಫಿರಂಗಿಯವರಿಗೆ ಮತ್ತೊಮ್ಮೆ ಗುಂಡು ಹಾರಿಸಿ ಎಂಬ ಸೂಚನೆಯಾದ್ದರಿಂದ, ಕೆಡೆಟ್‌ಗಳಿಗೆ ‘ಸೇ ಅಗೇನ್’ ಎಂದೇ ರೂಢಿ ಮಾಡಿಸಿ. ಹಾಗೆಯೇ ಅನೇಕ ಹ್ಯಾಮ್‌ಗಳ ಲಾಗ್ ಪುಸ್ತಕ ಜಾಗತಿಕ ಕಾಲಮಾನದಲ್ಲಿರುತ್ತದೆ (ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ). ಅವರ 09:00 ವಿರಾಜಪೇಟೆಯ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆ. ಅಂದಿನ ಮಟ್ಟಿಗೆ ಯಾವ ಗಡಿಯಾರ ಎಂಬುದನ್ನು ಬೆಳಿಗ್ಗೆಯೇ ಒಪ್ಪಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ತುಂಬಿದೆ. ಅವನು ಹ್ಯಾಮ್ ಪರವಾನಗಿ ಪಡೆಯಬಹುದೇ? ಅಷ್ಟರೊಳಗೆ ಆನ್‌ಲೈನ್‌ನಲ್ಲಿ ಒಂದು ಸೆಟ್ ಕೊಳ್ಳಲೇ? — ಕುಶಾಲನಗರದ ಓದುಗರು

ಉತ್ತರ: ಪರೀಕ್ಷೆಗೆ ಕೂರಲು ಹನ್ನೆರಡು ವರ್ಷ ಸಾಕು. ದೂರಸಂಪರ್ಕ ಇಲಾಖೆಯ ಈ ಪರೀಕ್ಷೆಯಲ್ಲಿ ಪ್ರಾಥಮಿಕ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳ ಪ್ರಶ್ನೆಗಳಿರುತ್ತವೆ. ರಿಸ್ಟ್ರಿಕ್ಟೆಡ್ ಗ್ರೇಡ್‌ನ ಪರವಾನಗಿಗೆ ಮೋರ್ಸ್ (ಚುಕ್ಕೆ-ಗೆರೆಗಳ ಸದ್ದಿನ ಸಂಕೇತ) ಬೇಕಿಲ್ಲ. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬರಬೇಕು. ಸಿಗುವ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ಅವನ ಗುರುತಿನ ಹೆಸರು, ಕ್ರಮವಾಗಿ ವಿಯು3 ಅಥವಾ ವಿಯು2 ಎಂದು ಆರಂಭವಾಗುತ್ತದೆ. ಸೆಟ್ಟನ್ನು ಈಗಲೇ ಕೊಳ್ಳಬೇಡಿ. ಪರವಾನಗಿಯಿಲ್ಲದೆ ಹ್ಯಾಮ್ ಸೆಟ್ ಇಟ್ಟುಕೊಳ್ಳುವುದೇ ಅಪರಾಧ, ಮಾರುವವರು ಏನೇ ಹೇಳಲಿ. ಅಲ್ಲಿಯವರೆಗೆ ಹತ್ತಿರದ ಹ್ಯಾಮ್ ಒಬ್ಬರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕುಳಿತು ಕೇಳಲಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾತ್ರ ಬೇಡ. ಗುಡುಗು ಕೇಳಿಸುವ ಮೊದಲೇ ಆಂಟೆನಾ ಕಳಚಿ ಮನೆಯಿಂದ ಹೊರಗೆ ಹಾಕಿರಬೇಕಾದ ಕಾಲ ಅದು.