ಲೆಕ್ಕ ಹಾಕಿದವರ ಹೆಸರು

ಪ್ರಶ್ನೆ: ವಿಜ್ಞಾನ ದಿನಾಚರಣೆಗಾಗಿ ನಮ್ಮ ವಿದ್ಯಾರ್ಥಿನಿಯರು ಭೌತವಿಜ್ಞಾನದಲ್ಲಿ ದುಡಿದ ಮಹಿಳೆಯರ ಭಿತ್ತಿಪತ್ರ ಸಿದ್ಧಪಡಿಸುತ್ತಿದ್ದಾರೆ. ಜಿಪಿಎಸ್ ಹಿಂದೆ ಗ್ಲ್ಯಾಡಿಸ್ ವೆಸ್ಟ್ ಎಂಬ ಕಪ್ಪುವರ್ಣೀಯ ಅಮೆರಿಕನ್ ಮಹಿಳೆಯ ಶ್ರಮವಿದೆ ಎಂದು ಒಬ್ಬಳು ಹೇಳಿದಳು. ಅವರು ಮಾಡಿದ್ದೇನು? ಇಂಥವರ ಹೆಸರು ನಮ್ಮವರೆಗೆ ಏಕೆ ತಲುಪಲಿಲ್ಲ?
– ಭೌತವಿಜ್ಞಾನ ಉಪನ್ಯಾಸಕಿ, ವಿಜಯಪುರ

ಉತ್ತರ: ನಿಮ್ಮ ಜಿಲ್ಲೆಯ ಆಲಮಟ್ಟಿ ಜಲಾಶಯದಿಂದಲೇ ಆರಂಭಿಸೋಣ. ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್ ಎಂದು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಕಡಲೇ ಇಲ್ಲದ ಆಲಮಟ್ಟಿಯಲ್ಲಿ ಆ ಸಮುದ್ರಮಟ್ಟ ಎಲ್ಲಿದೆ? ಭೂಮಿಯೊಳಗಿನ ದ್ರವ್ಯರಾಶಿ ಒಂದೇ ಸಮನಾಗಿ ಹರಡಿಲ್ಲವಾದ್ದರಿಂದ ಗುರುತ್ವವೂ ಎಲ್ಲೆಡೆ ಒಂದೇ ಆಗಿಲ್ಲ. ಆ ಗುರುತ್ವಕ್ಕೆ ತಕ್ಕಂತೆ ನಿಶ್ಚಲವಾದ ಕಡಲು ನೆಲದಡಿಗೂ ಹಬ್ಬಿದೆಯೆಂದು ಕಲ್ಪಿಸಿದಾಗ ಸಿಗುವ ಉಬ್ಬುತಗ್ಗಿನ ಮೇಲ್ಮೈಗೆ ಜಿಯಾಯ್ಡ್ ಎಂದು ಹೆಸರು. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಸುಮಾರು 106 ಮೀಟರಿನಷ್ಟು ತಗ್ಗಿದೆ. ಇದೇ ಅಸಮ ಗುರುತ್ವ ಉಪಗ್ರಹಗಳ ಕಕ್ಷೆಯನ್ನೂ ಬದಲಿಸುತ್ತಿರುತ್ತದೆ, ಮತ್ತು ಉಪಗ್ರಹ ಎಲ್ಲಿದೆಯೆಂದು ನಿಖರವಾಗಿ ತಿಳಿಯದೆ ಜಿಪಿಎಸ್ ನಾವೆಲ್ಲಿದ್ದೇವೆಂದು ಹೇಳಲಾರದು.

ವರ್ಜೀನಿಯಾದ ಕೃಷಿ ಕುಟುಂಬದಲ್ಲಿ 1930ರಲ್ಲಿ ಹುಟ್ಟಿದ ವೆಸ್ಟ್, 1956ರಲ್ಲಿ ಡಾಲ್‌ಗ್ರೆನ್‌ನ ನೌಕಾಪಡೆಯ ಕೇಂದ್ರವನ್ನು ಸೇರಿ, 1998ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ದುಡಿದರು. ಕಡಲನ್ನು ಗಮನಿಸಲೆಂದು 1978ರಲ್ಲಿ ಉಡಾಯಿಸಿದ ಸೀಸ್ಯಾಟ್ ಉಪಗ್ರಹದ ರಾಡಾರ್ ಮಾಪನಗಳ ಸಂಸ್ಕರಣೆಯ ಹೊಣೆ ಅವರದಾಗಿತ್ತು. ಗುರುತ್ವ, ಉಬ್ಬರವಿಳಿತ ಮೊದಲಾದ ಬಲಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಭೂಮಿಯ ಆಕಾರವನ್ನು, ಅಂದರೆ ಆ ಜಿಯಾಯ್ಡನ್ನು, ಹೆಚ್ಚು ಹೆಚ್ಚು ನಿಖರವಾಗಿ ಗಣಿಸುವ ಕಂಪ್ಯೂಟರ್ ಕ್ರಮವಿಧಿಗಳನ್ನು ಅವರು ರೂಪಿಸಿದರು. ಜಿಪಿಎಸ್ ಅನೇಕರ ಕೆಲಸ. ಆದ್ದರಿಂದ ಭಿತ್ತಿಪತ್ರದಲ್ಲಿ ಅವರೊಬ್ಬರೇ ಅದನ್ನು ಕಂಡುಹಿಡಿದರೆಂದು ಬರೆಯಿಸಬೇಡಿ. ಅವರ ನಿಜವಾದ ಕೆಲಸಕ್ಕೆ ಉತ್ಪ್ರೇಕ್ಷೆಯ ಆಸರೆ ಬೇಕಾಗಿಲ್ಲ. ಅಮೆರಿಕದ ವಾಯುಪಡೆ ಅವರನ್ನು ಗೌರವಿಸಿದ್ದು 2018ರಲ್ಲಿ, ಅಂದರೆ ನಿವೃತ್ತಿಯಾಗಿ 20 ವರ್ಷಗಳ ಮೇಲೆ.

ಹೆಸರು ಮರೆಯಾಗಲು ವರ್ಣಭೇದವೂ ಸೇನೆಯ ಗೋಪ್ಯತೆಯೂ ಕಾರಣ. ಆದರೆ ಲೆಕ್ಕ ಹಾಕುವುದು ಸಹಾಯಕರ ಕೆಲಸ, ಸಿದ್ಧಾಂತ ಕಟ್ಟುವುದಷ್ಟೇ ವಿಜ್ಞಾನ ಎಂಬ ತಪ್ಪು ಎಣಿಕೆಯನ್ನು ನಾನು ಇನ್ನೂ ದೊಡ್ಡ ಕಾರಣವೆಂದು ಭಾವಿಸುತ್ತೇನೆ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ಬಾಹ್ಯಾಕಾಶ ಯಾನಗಳ ಪಥ ಗಣಿಸಿದ ಕ್ಯಾಥರಿನ್ ಜಾನ್ಸನ್ ಅವರ ವಿಭಾಗದಲ್ಲಿ ಮಹಿಳೆಯೊಬ್ಬರ ಹೆಸರು ವರದಿಯ ಲೇಖಕರ ಸಾಲಿನಲ್ಲಿ ಮೊದಲು ಅಚ್ಚಾದದ್ದು 1960ರಲ್ಲಿ. ಆ ಹೆಸರು ಅವರದೇ.

ವಿಲ್ಲಿ ಹಾಬ್ಸ್ ಮೂರ್ ಅವರನ್ನೂ ಸೇರಿಸಿ. 1972ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಅವರು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಕಪ್ಪುವರ್ಣೀಯ ಮಹಿಳೆ ಅವರೇ. ಚಿತ್ರದ ಕೆಳಗೆ ‘ಮೊದಲಿಗರು’ ಎಂದಷ್ಟೇ ಬರೆದು ನಿಲ್ಲಿಸದೆ, ಅಣುಗಳ ಕಂಪನವನ್ನು ಅವರು ಅವಕೆಂಪು ಕಿರಣಗಳ ಮೂಲಕ ಅಧ್ಯಯನ ಮಾಡಿದರೆಂಬುದನ್ನೂ ವಿದ್ಯಾರ್ಥಿನಿಯರು ಬರೆಯಲಿ. ವೆಸ್ಟ್ ಅವರ ಚಿತ್ರದ ಪಕ್ಕದಲ್ಲಿ ಆಲಮಟ್ಟಿಯ 519.60 ಇರಲಿ.